ಹಳೇ ಕಾರಿನ ರಿಲೇ ಬೋರ್ಡ್: ರಿಪೇರಿ ಮಾಡೋದಾ, ಕಿತ್ತು ಬೇರೆ ಹಾಕೋದಾ?

ಹಳೇಚಕ್ರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎಪ್ಪತ್ತರ ದಶಕದ ಒಂದು ಗಾಡಿ ಇದೆ. ಯುರೋಪಿನದು, ಪೆಟ್ರೋಲ್ ಇಂಜೆಕ್ಷನ್ ಇರುವಂಥದ್ದು. ರಿಲೇಗಳು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚುಗಳು, ಕೂರುವ ಬೋರ್ಡ್ ಎಂಜಿನ್ ಪಕ್ಕದಲ್ಲೇ ಇದೆ. ಮೇಲುಗಡೆ ರಿಲೇ ಸಾಕೆಟ್‌ಗಳು, ಕೆಲವು ಫ್ಯೂಸ್, ಬದಿಯಲ್ಲಿ ದೊಡ್ಡ ಪ್ಲಗ್‌ಗಳು. ಕೆಳಗಡೆ ಏನೂ ಕಾಣಿಸುವುದಿಲ್ಲ. ಡಾಂಬರಿನಂಥ ಕಪ್ಪು ಅಂಟು ಸುರಿದು ಪೂರ್ತಿ ಮುಚ್ಚಿಬಿಟ್ಟಿದ್ದಾರೆ.

ತೊಂದರೆ ಹೀಗಿದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದಕ್ಕೆ ಪೆಟ್ರೋಲ್ ಕಳಿಸುವ ಪಂಪ್ ನಿಂತುಬಿಡುತ್ತದೆ. ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಹೆಡ್‌ಲೈಟ್ ಮಂಕು. ಅದರ ಜೊತೆಗೆ ಇಂಡಿಕೇಟರ್ ಹಾಕಿದಾಗ ಹಿಂದಿನ ಬ್ರೇಕ್ ಲೈಟ್ ಕೂಡ ತಾಳ ಹಾಕುತ್ತದೆ.

ರಿಲೇಗಳನ್ನೆಲ್ಲ ಹೊಸದು ಹಾಕಿದೆ, ಏನೂ ಬದಲಾಗಲಿಲ್ಲ. ಮೀಟರ್ ಹಿಡಿದರೆ ಎಲ್ಲ ಕಡೆ ಬೀಪ್ ಬರುತ್ತದೆ, ಅಂದರೆ ಕನೆಕ್ಷನ್ ಇದೆ ಅಂತ ಅಲ್ವಾ? ಬೋರ್ಡ್ ಬಿಚ್ಚಿ ಅಂಟು ತೆಗೆಯಬೇಕಾ, ಇಲ್ಲ ಕಿತ್ತೆಸೆದು ಹೊಸ ಫ್ಯೂಸ್ ಬಾಕ್ಸ್ ಕೂರಿಸಬೇಕಾ?

ಶಾರ್ಟ್‌ಕಟ್_ಶೂರ

ಕಿತ್ತೆಸೆಯಿರಿ ಸರ್. ಐವತ್ತು ವರ್ಷದ ಪ್ಲಾಸ್ಟಿಕ್, ಐವತ್ತು ವರ್ಷದ ತಾಮ್ರ. ಈಗ ಸಿಗುವ ಬ್ಲೇಡ್ ಫ್ಯೂಸ್ ಬಾಕ್ಸ್ ಒಂದು, ಅದರ ಪಕ್ಕ ರಿಲೇ ಸಾಕೆಟ್‌ಗಳ ಒಂದು ಸಾಲು. ವೈರಿಂಗ್ ಹೊಸದಾಗಿ ಎಳೆದರೆ ತಲೆನೋವೇ ಇಲ್ಲ.

ಮೀಟರ್‌ಮೇಷ್ಟ್ರು

ತಲೆನೋವು ಇಲ್ಲ ಅಂದವರು ಹಳೇ ಬೋರ್ಡಿನ ಒಳಗೆ ಯಾವ ವೈರ್ ಯಾವುದಕ್ಕೆ ಸೇರಿದೆ ಅಂತ ಇನ್ನೂ ನೋಡಿಲ್ಲ. ಇಂಥ ಬೋರ್ಡಿನಲ್ಲಿ ರಿಲೇಗಳ ನಡುವಿನ ಜೋಡಣೆಯೆಲ್ಲ ಒಳಗಿನ ಪಟ್ಟಿಗಳಲ್ಲೇ ಆಗಿರುತ್ತದೆ. ಅದನ್ನು ಬಿಸಾಡಿದರೆ ಆ ಜೋಡಣೆಯನ್ನೆಲ್ಲ ನೀವೇ ಮತ್ತೆ ಮಾಡಬೇಕು. ಅದು ಆಮೇಲಿನ ಮಾತು.

ಹಳೇಚಕ್ರ ಅವರೇ, ಮೊದಲು ಆ ಬೀಪ್ ನಂಬುವುದನ್ನು ಬಿಡಿ. ಬೀಪ್ ಕೊಡುವಾಗ ಮೀಟರ್ ಕಳಿಸುವುದು ಒಂದು ಮಿಲಿಆಂಪ್ ಆಸುಪಾಸಿನ ಕರೆಂಟ್. ಪಂಪಿಗೆ ಬೇಕಾದದ್ದು ಹಲವು ಆಂಪ್. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ಕಡಿದು ಒಂದು ಉಳಿದಿದ್ದರೂ ಬೀಪ್ ಬರುತ್ತದೆ. ಒಂದೇ ಎಳೆ ದಾರದ ಮೇಲೆ ಕರವಸ್ತ್ರ ಒಣಗಿಸಬಹುದು, ಬಾವಿಯಿಂದ ಕೊಡ ಸೇದೋಕಾಗಲ್ಲ.

ಮಾಡಬೇಕಾದದ್ದು ವೋಲ್ಟೇಜ್ ಎಲ್ಲಿ ಬೀಳುತ್ತಿದೆ ಅಂತ ನೋಡುವುದು. ಹೆಡ್‌ಲೈಟ್ ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಕಡ್ಡಿ ಬೋರ್ಡಿಗೆ ಕರೆಂಟ್ ಬರುವ ಜಾಗಕ್ಕೆ, ಇನ್ನೊಂದು ಅದು ಹೊರಗೆ ಹೋಗುವ ಪಿನ್ನಿಗೆ. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು, ಅದು ಮುಖ್ಯ. ಒಂದು ಒಳ್ಳೆಯ ಜೋಡಣೆಯಲ್ಲಿ 0.1 ವೋಲ್ಟ್‌ಗಿಂತ ಜಾಸ್ತಿ ಬೀಳಬಾರದು. ಬ್ಯಾಟರಿಯಿಂದ ಬಲ್ಬಿನವರೆಗೆ ಎಲ್ಲ ಸೇರಿ ಅರ್ಧ ವೋಲ್ಟ್ ಆದರೆ ಒಪ್ಪಬಹುದು. ಹಾಗೇ ಬಲ್ಬಿನ ಅರ್ಥ್ ಪಿನ್ನಿಂದ (ಕರೆಂಟ್ ಗಾಡಿಯ ಲೋಹದ ಮೈ ಮೂಲಕ ವಾಪಸ್ ಹೋಗುವ ದಾರಿ) ಬ್ಯಾಟರಿಯ ನೆಗೆಟಿವ್‌ವರೆಗೂ ಅಳೆಯಿರಿ. ಅದನ್ನು ಯಾರೂ ಅಳೆಯುವುದಿಲ್ಲ!

ಇದು ಯಾಕೆ ಮುಖ್ಯ ಅಂದರೆ, ಎರಡು 55 ವ್ಯಾಟ್ ಬಲ್ಬಿಗೆ ಸುಮಾರು 9 ಆಂಪ್ ಹರಿಯುತ್ತದೆ. ಎಲ್ಲೋ ಒಂದು ಜೋಡಣೆಯಲ್ಲಿ ಬರೀ 0.1 ಓಮ್ ತಡೆ ಇದ್ದರೂ ಅಲ್ಲೇ 0.9 ವೋಲ್ಟ್ ಹೋಯಿತು. ಜೊತೆಗೆ ಸುಮಾರು 8 ವ್ಯಾಟ್ ಶಾಖ ಆ ಪುಟ್ಟ ಜಾಗದಲ್ಲಿ ಹುಟ್ಟುತ್ತದೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುವುದು ಇದರಿಂದಲೇ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ 10% ಕಮ್ಮಿಯಾದರೆ ಬೆಳಕು ಸುಮಾರು 30% ಕಮ್ಮಿ.

ತಾಮ್ರತಂತಿ

ಇಂಡಿಕೇಟರ್ ಜೊತೆ ಬ್ರೇಕ್ ಲೈಟ್ ಮಿಣುಕುವುದಕ್ಕೂ ಬೋರ್ಡಿಗೂ ಸಂಬಂಧ ಇಲ್ಲ. ಹಿಂದಿನ ಲೈಟಿನ ಅರ್ಥ್ ಹೋಗಿದೆ. ಇಂಡಿಕೇಟರ್ ಬಲ್ಬಿನ ಕರೆಂಟಿಗೆ ಗಾಡಿಯ ಲೋಹದ ಮೈಗೆ ಇಳಿಯೋಕೆ ದಾರಿ ಇಲ್ಲದೆ ಪಕ್ಕದ ಬಲ್ಬಿನ ಮೂಲಕ ಹೋಗುತ್ತಿದೆ. ಅರ್ಥ್ ಸ್ಕ್ರೂ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಉಜ್ಜಿ ಬಿಳಿ ಲೋಹ ಕಾಣಿಸಿ, ಮತ್ತೆ ಬಿಗಿಯಿರಿ.

ಹೊಸಬ_ನಾನು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರಿಲೇ ಮೇಲೆ 30, 85, 86, 87 ಅಂತ ಬರೆದಿರುತ್ತದಲ್ಲ, ಅದು ಏನು ಲೆಕ್ಕ? ಆಂಪ್ ಅಂದುಕೊಂಡಿದ್ದೆ.

ಮೀಟರ್‌ಮೇಷ್ಟ್ರು

ಆಂಪ್ ಅಲ್ಲ, ಪಿನ್ನಿನ ಹೆಸರು. ಡಿಐಎನ್ 72552 ಅನ್ನುವ ಜರ್ಮನ್ ಮಾನದಂಡದಿಂದ ಬಂದದ್ದು. 30 ಅಂದರೆ ಬ್ಯಾಟರಿಯಿಂದ ನೇರ, ಯಾವಾಗಲೂ ಜೀವ ಇರುವ ವೈರ್. 15 ಅಂದರೆ ಕೀ ತಿರುಗಿಸಿದಾಗ ಬರುವುದು. 31 ಅರ್ಥ್. 85 ಮತ್ತು 86 ರಿಲೇ ಕಾಯಿಲಿನ (ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಒಳಗಿನ ಸ್ವಿಚ್ ಎಳೆಯುವ ತಂತಿ ಸುರುಳಿ) ಎರಡು ತುದಿ. ಕಾಯಿಲ್ ಎಳೆದಾಗ 30 ಹೋಗಿ 87ಕ್ಕೆ ಸೇರುತ್ತದೆ. 87ಎ ಇದ್ದರೆ ಅದು ಕಾಯಿಲ್ ಸುಮ್ಮನಿರುವಾಗ ಸೇರಿಕೊಂಡಿರುವ ಪಿನ್. 56ಎ ಹೈಬೀಮ್, 56ಬಿ ಡಿಮ್, 49ಎ ಇಂಡಿಕೇಟರಿಗೆ ಹೋಗುವುದು. ಬ್ರಿಟಿಷ್ ಗಾಡಿಗಳ ಹಳೇ ಲ್ಯೂಕಾಸ್ ಕಂಪನಿಯ ರಿಲೇಯಲ್ಲಿ ಕಾಯಿಲಿಗೆ ಡಬ್ಲ್ಯೂ1, ಡಬ್ಲ್ಯೂ2 ಅಂತಲೂ ಕಾಂಟ್ಯಾಕ್ಟಿಗೆ ಸಿ1, ಸಿ2 ಅಂತಲೂ ಇರುತ್ತದೆ.

ಸಾಮಾನ್ಯ 12 ವೋಲ್ಟ್ ರಿಲೇಯ ಕಾಯಿಲ್ 70ರಿಂದ 100 ಓಮ್ ಒಳಗೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಬೆಸುಗೆಬಂಧು

ಹೊಸ ರಿಲೇ ಹಾಕಿದ್ದೇನೆ ಅಂದಿರಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ನಾಲ್ಕು ಪಿನ್ನಿನ ರಿಲೇಗಳಲ್ಲಿ ಎ ಮತ್ತು ಬಿ ಅಂತ ಎರಡು ಜೋಡಣೆ ಇದೆ. ಎರಡೂ ಒಂದೇ ಸಾಕೆಟ್‌ನಲ್ಲಿ ಸಲೀಸಾಗಿ ಕೂರುತ್ತವೆ. ಆದರೆ 30 ಮತ್ತು 86ರ ಜಾಗ ಅದಲು ಬದಲು. ಆಕಾರ ನೋಡಿ ತರಬೇಡಿ, ಮೈಮೇಲಿನ ಚಿತ್ರ ನೋಡಿ ತನ್ನಿ. ಒಳಗೆ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಇರುವ ರಿಲೇ ಆದರೆ ಇನ್ನೂ ಹುಷಾರು. ಕಾಯಿಲಿನ ಪ್ಲಸ್ ಮೈನಸ್ ಉಲ್ಟಾ ಆದರೆ ಡಯೋಡ್ ನೇರ ಶಾರ್ಟ್ ಆಗುತ್ತದೆ. ಫ್ಯೂಸ್ ಹೋದರೆ ಪುಣ್ಯ, ಇಂಜೆಕ್ಷನ್ ಕಂಟ್ರೋಲ್ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಹೋದರೆ ಕಷ್ಟ.

ಹಳೇಚಕ್ರ

ಅಳೆದೆ. ದೀಪ ಉರಿಯುವಾಗ ಬ್ಯಾಟರಿಯಲ್ಲಿ 12.4. ಬಲ್ಬಿನ ಪಿನ್ನುಗಳ ನಡುವೆ 10.5. ಹೋದ 1.9ರಲ್ಲಿ ಬೋರ್ಡ್ ಒಂದೇ 1.1 ತಿನ್ನುತ್ತಿದೆ. ಅರ್ಥ್ ಕಡೆ 0.3. ಉಳಿದದ್ದು ಸ್ವಿಚ್ಚು ಮತ್ತು ವೈರಿನಲ್ಲಿ.

ಪಂಪಿನ ಕಥೆ ಇನ್ನೂ ಚೆನ್ನಾಗಿದೆ. ಬಿಸಿಯಾಗಿ ನಿಂತ ಹೊತ್ತಿಗೇ ಪಂಪ್ ರಿಲೇ ಕಿತ್ತು ಸಾಕೆಟಿನ 30 ಮತ್ತು 87ರ ನಡುವೆ ಫ್ಯೂಸ್ ಇರುವ ತಂತಿ ಹಾಕಿದೆ. ಆಗಲೂ ಪಂಪ್ ಓಡಲಿಲ್ಲ. ಸಾಕೆಟಿನ 87ರಲ್ಲಿ 12 ವೋಲ್ಟ್ ಇದೆ. ಬೋರ್ಡಿನಿಂದ ಹೊರಬರುವ ಪಿನ್ನಿನಲ್ಲಿ 4 ವೋಲ್ಟ್.

ಮೀಟರ್‌ಮೇಷ್ಟ್ರು

ಸಿಕ್ಕಿಬಿದ್ದ ನೋಡಿ ಕಳ್ಳ. ರಿಲೇಯ ತಪ್ಪೇ ಇಲ್ಲ. ಸಾಕೆಟಿಗೂ ಹೊರಗಿನ ಪಿನ್ನಿಗೂ ನಡುವೆ, ಅಂಟಿನ ಕೆಳಗೆ ಒಂದು ಜೋಡಣೆ ಬಿಟ್ಟಿದೆ. ಬಿಸಿಗೆ ಲೋಹ ಹಿಗ್ಗಿ ದೂರ ಸರಿಯುತ್ತದೆ, ತಣ್ಣಗಾದಾಗ ಮತ್ತೆ ತಾಗುತ್ತದೆ. ಈಗ ಬಿಚ್ಚಲು ಕಾರಣ ಸಿಕ್ಕಿತು. ಇದಿಲ್ಲದೆ ಬಿಚ್ಚಿದ್ದರೆ ಯಾವುದನ್ನು ಹುಡುಕುತ್ತಿದ್ದಿರಿ?

ಆ 30–87 ತಂತಿಯನ್ನು ಮಾತ್ರ ಪರೀಕ್ಷೆ ಮುಗಿದ ತಕ್ಷಣ ತೆಗೆಯಿರಿ. ಎಂಜಿನ್ ನಿಂತರೆ ಪಂಪ್ ಕೂಡ ನಿಲ್ಲಲಿ ಅಂತಲೇ ಆ ರಿಲೇ ಇರುವುದು. ತಂತಿ ಹಾಕಿಕೊಂಡು ಓಡಾಡುವಾಗ ಅಪಘಾತವಾಗಿ ಪೈಪ್ ಒಡೆದರೆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಶಾರ್ಟ್‌ಕಟ್_ಶೂರ

ನಾನು ಹೇಳಿದ್ದೇ ಆಯಿತಲ್ಲ. ಬೋರ್ಡ್ ಹಾಳು. ಕಿತ್ತೆಸೆಯಿರಿ.

ಬೆಸುಗೆಬಂಧು

ಒಂದು ಜೋಡಣೆ ಬಿಟ್ಟಿದೆ, ಅಷ್ಟೇ. ಅದಕ್ಕೆ ಇಡೀ ಬೋರ್ಡ್ ಎಸೆಯಬೇಕಾ? ಬೋರ್ಡ್ ಸುಟ್ಟು ಕರಕಲಾಗಿದ್ದರೆ ನಿಮ್ಮ ಮಾತು ಒಪ್ಪುತ್ತೇನೆ. ಬೇಕಲೈಟ್ ಥರದ ಹಲಗೆ ಒಮ್ಮೆ ಕರಕಲಾದರೆ ಆ ಕಪ್ಪು ಜಾಗವೇ ಕರೆಂಟ್ ಹಾಯಿಸಲು ಶುರು ಮಾಡುತ್ತದೆ. ಕಪ್ಪನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಏನು ಬಳಿದರೂ ಪ್ರಯೋಜನ ಇಲ್ಲ. ಇಲ್ಲಿ ಆ ಸ್ಥಿತಿ ಇರುವ ಹಾಗೆ ಕಾಣುತ್ತಿಲ್ಲ.

ಅಂಟು ತೆಗೆಯುವ ಬಗ್ಗೆ. ಮೊದಲು ಅದು ಯಾವ ಜಾತಿ ಅಂತ ನೋಡಿ. ಒಂದು ಮೂಲೆಗೆ ಬಿಸಿ ಸಾಲ್ಡರಿಂಗ್ ಐರನ್ ತಾಗಿಸಿ. ಕರಗಿ ಡಾಂಬರು ವಾಸನೆ ಬಂದರೆ ಅದು ಬಿಟುಮೆನ್. ಕರಗದೆ ಸುಟ್ಟ ಕಮಟು ಬಂದರೆ ಎಪಾಕ್ಸಿ. ಬಿಟುಮೆನ್ ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಬೋರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಚಳಿಗೆ ಅದು ಗಾಜಿನ ಹಾಗೆ ಪುಡಿಪುಡಿ ಆಗುತ್ತದೆ. ಉಳಿಯಂತೆ ಚೂಪು ಮಾಡಿದ ಮರದ ತುಂಡಿನಿಂದ ಮೆಲ್ಲಗೆ ಎಬ್ಬಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಬೇಡ, ಒಳಗಿನ ಪಟ್ಟಿ ಕಿತ್ತು ಬರುತ್ತದೆ. ಉಳಿದ ಕಲೆಯನ್ನು ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಿರಿ. ಗಾಳಿ ಓಡಾಡುವ ಜಾಗ, ಹತ್ತಿರ ಬೆಂಕಿ ಇರಬಾರದು.

ಎಪಾಕ್ಸಿ ಆದರೆ ಪೂರ್ತಿ ತೆಗೆಯುವ ಆಸೆ ಬಿಡಿ. ಪೇಂಟ್ ತೆಗೆಯುವ ಖಾರದ ದ್ರವ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ, ಅದು ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ಅದರಲ್ಲಿರುವ ಮೆಥಿಲೀನ್ ಕ್ಲೋರೈಡ್ ಆವಿ ಎದೆಗೂ ಒಳ್ಳೆಯದಲ್ಲ. ಕೆಟ್ಟ ಜೋಡಣೆಯ ಎರಡು ತುದಿಯನ್ನು ಹುಡುಕಿ, ಹೊರಗಿನಿಂದಲೇ ಒಂದು ತಂತಿ ಎಳೆದು ಸೇರಿಸುವುದೇ ಸರಿ.

ತಾಮ್ರತಂತಿ

ಬೋರ್ಡ್ ಬಿಚ್ಚುವ ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಎಲ್ಲ ಕೋನದಿಂದ ಫೋಟೊ ತೆಗೆಯಿರಿ. ವೈರಿನ ಬಣ್ಣವನ್ನಷ್ಟೇ ನಂಬಬೇಡಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ. ಜರ್ಮನ್ ಗಾಡಿಯಲ್ಲಿ ಕಂದು ವೈರ್ ಅರ್ಥ್. ಬ್ರಿಟಿಷ್ ಗಾಡಿಯಲ್ಲಿ ಅದೇ ಕಂದು ಬ್ಯಾಟರಿಯಿಂದ ನೇರ ಬರುವ ವೈರ್! ಎರಡೂ ಥರದ ಗಾಡಿ ಇಟ್ಟುಕೊಂಡವರಿಗೆ ದಿನಾ ಪರೀಕ್ಷೆ.

ಹಳೇಚಕ್ರ

ಬಿಟುಮೆನ್ನೇ. ಫ್ರೀಜರ್ ಉಪಾಯ ಕೆಲಸ ಮಾಡಿತು. ಮನೆಯವರಿಗೆ ಮಾತ್ರ ಇಷ್ಟವಾಗಲಿಲ್ಲ. ಒಳಗೆ ಹಿತ್ತಾಳೆ ಪಟ್ಟಿಗಳು ಎರಡು ಪದರದಲ್ಲಿವೆ, ನಡುವೆ ಹಲಗೆ. ಪದರಗಳನ್ನು ಸೇರಿಸಲು ರಿವೆಟ್ ಹೊಡೆದಿದ್ದಾರೆ. ಪಂಪಿನ ದಾರಿಯ ರಿವೆಟ್ ಬೆರಳಿನಲ್ಲಿ ಒತ್ತಿದರೆ ಅಲುಗುತ್ತದೆ. ಹೆಡ್‌ಲೈಟ್ ಕಡೆಯ ರಿವೆಟ್ ಸುತ್ತ ಹಸಿರು ಕಿಲುಬು. ಕೆಲವು ಪಿನ್ನುಗಳ ಬುಡದಲ್ಲಿ ಸಾಲ್ಡರ್ ಸುತ್ತ ಕೂದಲೆಳೆಯಷ್ಟು ಬಿರುಕಿನ ಉಂಗುರ ಇದೆ. ಭೂತಗನ್ನಡಿ ಇಲ್ಲದಿದ್ದರೆ ಕಾಣುತ್ತಲೇ ಇರಲಿಲ್ಲ. ಮುಂದೆ?

ಬೆಸುಗೆಬಂಧು

ಆ ಉಂಗುರಗಳು ಹಳೇ ರಿಲೇಯ ಒಳಗೂ ಇರುತ್ತವೆ. ಬಿಸಿಲಿನಲ್ಲಿ ಸ್ಟಾರ್ಟ್ ಆಗದೆ ಸಂಜೆ ಸ್ಟಾರ್ಟ್ ಆಗುವ ಗಾಡಿಗಳ ಕಥೆಯಲ್ಲಿ ಅನೇಕ ಸಲ ಇದೇ ವಿಲನ್.

ಮೊದಲು ಕಿಲುಬು. ಫೈಬರ್‌ಗ್ಲಾಸ್ ಎಳೆಯ ಪೆನ್ಸಿಲ್ ಬರುತ್ತದೆ, ಅದರಲ್ಲಿ ಉಜ್ಜಿ. ಕೈಗವಸು ಹಾಕಿಕೊಳ್ಳಿ, ಆ ಎಳೆ ಚರ್ಮಕ್ಕೆ ಹೊಕ್ಕರೆ ನವೆ ಬಿಡುವುದಿಲ್ಲ. ಕಿಲುಬು ದಪ್ಪ ಇದ್ದರೆ ಸಿಟ್ರಿಕ್ ಆಸಿಡ್ ಕರಗಿಸಿದ ನೀರನ್ನು ಬ್ರಷ್‌ನಲ್ಲಿ ಹಚ್ಚಿ, ಆಮೇಲೆ ಅಡುಗೆ ಸೋಡಾ ನೀರು, ಕೊನೆಗೆ ಶುದ್ಧ ನೀರು. ಚೆನ್ನಾಗಿ ಒಣಗಲಿ. ಹಲಗೆ ತೇವ ಹೀರಿಕೊಂಡಿರುತ್ತದೆ, ಅವಸರ ಬೇಡ.

ಬಿರುಕು ಬಿಟ್ಟ ಹಳೇ ಸಾಲ್ಡರ್ ಮೇಲೆ ಹೊಸದು ಸುರಿಯಬೇಡಿ. ಹಳೆಯದನ್ನು ಹೀರಿ ತೆಗೆದು ಹೊಸದು ಹಾಕಿ. 60/40 ತವರ–ಸೀಸ ಒಳ್ಳೆಯದು, 183 ಡಿಗ್ರಿಯಿಂದಲೇ ಕರಗಲು ಶುರುವಾಗುತ್ತದೆ, ಪ್ಲಾಸ್ಟಿಕ್‌ಗೆ ಹೊಡೆತ ಕಮ್ಮಿ. ಫ್ಲಕ್ಸ್ (ಸಾಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವುದು) ರಾಳದ್ದೇ ಇರಲಿ. ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ಹಾಕಿದರೆ ಮತ್ತೆ ಕಿಲುಬಿಗೆ ನೀವೇ ಆಮಂತ್ರಣ ಕೊಟ್ಟ ಹಾಗೆ. ಐರನ್ ಸಣ್ಣದು ಸಾಲದು. ಹಿತ್ತಾಳೆ ಪಟ್ಟಿ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. 60 ವ್ಯಾಟ್‌ಗಿಂತ ಮೇಲಿನದು, ಅಗಲ ತುದಿ ಇರುವುದು ತಗೊಳ್ಳಿ. ಬೇಗ ಕಾಯಿಸಿ ಬೇಗ ಬಿಡಿ. ಸಣ್ಣ ಐರನ್ ಹಿಡಿದು ಬಹಳ ಹೊತ್ತು ಕೂತರೆ ಪಟ್ಟಿ ಬಿಸಿಯಾಗುವ ಮೊದಲೇ ಪ್ಲಾಸ್ಟಿಕ್ ಕರಗಿರುತ್ತದೆ.

ರಿವೆಟ್‌ಗಳಿಗೆ ಬರೀ ಸಾಲ್ಡರ್ ಸಾಕಾಗುವುದಿಲ್ಲ. ಅದರ ಎರಡೂ ಕಡೆಯ ಪಟ್ಟಿಗಳನ್ನು 2.5 ಚದರ ಮಿ.ಮೀ. ತಾಮ್ರದ ತಂತಿಯಿಂದ ಸೇರಿಸಿ. ಆಮೇಲೆ ರಿವೆಟ್ ಅಲುಗಿದರೂ ಚಿಂತೆಯಿಲ್ಲ.

ತಾಮ್ರತಂತಿ

ಬೋರ್ಡಿನೊಳಗೆ ಬೆಸುಗೆ ಸರಿ. ಹೊರಗಿನ ವೈರ್‌ಗಳ ತುದಿಗೆ ಮಾತ್ರ ಸಾಲ್ಡರ್ ಬೇಡ ಅನ್ನುವವನು ನಾನು. ಸಾಲ್ಡರ್ ವೈರಿನ ಎಳೆಗಳ ಒಳಗೆ ಹರಿದು ಗಟ್ಟಿ ಕಡ್ಡಿ ಮಾಡುತ್ತದೆ. ಕಡ್ಡಿ ಮುಗಿದು ಮೆತ್ತಗಿನ ವೈರ್ ಶುರುವಾಗುವ ಜಾಗದಲ್ಲಿ ಎಂಜಿನ್ ನಡುಕಕ್ಕೆ ಎಳೆ ಕಡಿಯುತ್ತದೆ. ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಮಾಡಿದರೆ, ಅಂದರೆ ಪಿನ್ನನ್ನು ವೈರಿನ ಸುತ್ತ ಅಮುಕಿ ಕಚ್ಚಿಸಿದರೆ ಸಾಕು.

ಬೆಸುಗೆಬಂಧು

ಸರಿಯಾದ ಇಕ್ಕಳ ಅನ್ನುವ ಮಾತಿಗೆ ಅಡಿಗೆರೆ ಎಳೆಯಿರಿ. ಮನೆಯಲ್ಲಿರುವ ಪ್ಲೈಯರಿನಲ್ಲಿ ಚಪ್ಪಟೆ ಮಾಡುವುದಾದರೆ ನನ್ನ ಸಾಲ್ಡರೇ ವಾಸಿ. ತುದಿಯ ಪಕ್ಕದಲ್ಲಿ ವೈರನ್ನು ಕ್ಲಿಪ್ಪಿನಿಂದ ಹಿಡಿದಿಟ್ಟರೆ ಅಲುಗಾಟವೇ ಇರುವುದಿಲ್ಲ.

ತಾಮ್ರತಂತಿ

ಈ ಜಗಳ ನಮ್ಮಿಬ್ಬರದು ಮುಗಿಯುವಂಥದ್ದಲ್ಲ ಬಿಡಿ. ಸಾಕೆಟಿನ ಒಳಗಿನ ಹೆಣ್ಣು ಪಿನ್ನುಗಳನ್ನು ನೋಡಿದ್ರಾ? 6.3 ಮಿ.ಮೀ. ಬ್ಲೇಡ್ ಕೂರುವ ಜಾಗ ಅದು. ಬಿಸಿಗೆ ಹಿಡಿತ ಸಡಿಲ ಆಗಿರುತ್ತದೆ. ರಿಲೇಯ ಕಾಲು ಒಂದನ್ನೇ ಹಾಕಿ ಎಳೆದು ನೋಡಿ. ಸುಮ್ನೆ ಜಾರಿ ಬಂದರೆ ಆ ಪಿನ್ ಬದಲಿಸಿ. ಸ್ವಲ್ಪ ಅಮುಕಿ ಬಿಗಿ ಮಾಡಬಹುದು, ಆದರೆ ಒಮ್ಮೆ ನೀಲಿ ಬಣ್ಣಕ್ಕೆ ತಿರುಗಿದ ಹಿತ್ತಾಳೆಗೆ ಸ್ಪ್ರಿಂಗ್ ಗುಣ ವಾಪಸ್ ಬರುವುದಿಲ್ಲ.

ಹೊಸಬ_ನಾನು

ರಿಲೇಯ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಮರಳು ಕಾಗದದಲ್ಲಿ ಉಜ್ಜಬಹುದಾ?

ಮೀಟರ್‌ಮೇಷ್ಟ್ರು

ಬೇಡ. ಅದು ಬೆಳ್ಳಿ ಮಿಶ್ರ ಲೋಹ, ತೆಳ್ಳಗೆ ಇರುತ್ತದೆ. ಮರಳಿನ ಕಣ ಅದರೊಳಗೆ ಹೂತುಕೊಂಡರೆ ಅಲ್ಲಿ ಕಿಡಿ ಜಾಸ್ತಿ. ದಪ್ಪ ಕಾಗದದ ಪಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಕಾಂಟ್ಯಾಕ್ಟುಗಳ ನಡುವೆ ಇಟ್ಟು ಎಳೆಯಿರಿ. ಅಷ್ಟಕ್ಕೆ ಹೋಗದಿದ್ದರೆ ಹೊಸ ರಿಲೇ.

ಗಾಜಿನಫ್ಯೂಸ್

ಫ್ಯೂಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಕಾಲದ ಯುರೋಪ್ ಗಾಡಿಯಲ್ಲಿ ಎರಡೂ ತುದಿ ಚೂಪಾದ ಸಣ್ಣ ಫ್ಯೂಸ್ ಇರುತ್ತದೆ. ಬಿಳಿ 8 ಆಂಪ್, ಕೆಂಪು 16, ನೀಲಿ 25. ಚೂಪು ತುದಿ ತಾಗುವುದು ಒಂದು ಚುಕ್ಕೆಯಷ್ಟು ಜಾಗಕ್ಕೆ. ಅಲ್ಲಿ ಪುಡಿ ಕೂತರೂ ಸಾಕು, ಬಿಸಿಯಾಗುತ್ತದೆ. ಎಲ್ಲವನ್ನೂ ತೆಗೆದು, ಹಿಡಿಕೆ ಉಜ್ಜಿ, ಅಲ್ಯುಮಿನಿಯಂ ಪಟ್ಟಿ ಇರುವವನ್ನು ಬಿಟ್ಟು ತಾಮ್ರದ ಪಟ್ಟಿಯವನ್ನು ಹಾಕಿ.

ನನ್ನದು ಬ್ರಿಟಿಷ್ ಗಾಡಿ, ಗಾಜಿನ ಫ್ಯೂಸ್. ಆ ದಾರಿಯವರಿಗೆ ಒಂದು ಎಚ್ಚರಿಕೆ: ಹಳೇ ಲ್ಯೂಕಾಸ್ ಫ್ಯೂಸ್ ಮೇಲೆ 35 ಅಂತ ಇದ್ದರೆ ಅದು ಸುಟ್ಟುಹೋಗುವ ಕರೆಂಟ್. ಸದಾ ಹರಿಯಬಹುದಾದದ್ದು 17 ಆಂಪ್ ಮಾತ್ರ. ಅಮೆರಿಕದ ಲೆಕ್ಕದ 35 ಆಂಪ್ ಫ್ಯೂಸನ್ನು ಅಲ್ಲಿ ಹಾಕಿದರೆ ಫ್ಯೂಸಿಗಿಂತ ಮೊದಲು ವೈರ್ ಸುಡುತ್ತದೆ.

ಹಳೇಚಕ್ರ

ಬೆಸುಗೆ ಮುಗಿಯಿತು. ಸಡಿಲ ಪಿನ್ನುಗಳನ್ನು ಬದಲಿಸಿದೆ. ವಾಪಸ್ ಡಾಂಬರು ಸುರಿಯಬೇಕಾ? ನನ್ನ ಹತ್ತಿರ ಕಿಟಕಿಗೆ ಹಚ್ಚುವ ಸಿಲಿಕೋನ್ ಇದೆ.

ಬೆಸುಗೆಬಂಧು

ವಿನೆಗರ್ ವಾಸನೆ ಬರುವ ಸಿಲಿಕೋನ್ ಆದರೆ ಖಂಡಿತ ಬೇಡ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ತಾಮ್ರ ಹಿತ್ತಾಳೆ ಎರಡಕ್ಕೂ ಕಿಲುಬು ಹಿಡಿಸುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದು ತನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಸರ್ಕ್ಯೂಟ್ ಬೋರ್ಡಿಗೆ ಬಳಿಯುವ ವಾರ್ನಿಷ್ ಎರಡು ಪದರ ಸಾಕು. ಪಿನ್ನಿನ ಬಾಯಿಗೆ ತಾಗದ ಹಾಗೆ ನೋಡಿಕೊಳ್ಳಿ. ಮುಂದೆ ಯಾರಾದರೂ ಮತ್ತೆ ಬಿಚ್ಚಬೇಕಾದರೆ ನಿಮಗೆ ಶಾಪ ಹಾಕುವುದಿಲ್ಲ. ನೀರು ಎರಚುವ ಜಾಗವಾದರೆ ಅಡಿಗೆ ಒಂದು ಮುಚ್ಚಳ ಮಾಡಿ.

ಮೀಟರ್‌ಮೇಷ್ಟ್ರು

ನೇರವಾಗಿ ಬ್ಯಾಟರಿಗೆ ಸೇರಿಸಿ ಕೀ ತಿರುಗಿಸಬೇಡಿ. ಬ್ಯಾಟರಿಯ ಪ್ಲಸ್ಸಿಗೂ ಬೋರ್ಡಿನ 30ಕ್ಕೂ ನಡುವೆ ಒಂದು 21 ವ್ಯಾಟ್ ಬ್ರೇಕ್ ಬಲ್ಬ್ ಹಾಕಿ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಹರಿಯುವುದು 2 ಆಂಪ್‌ಗಿಂತ ಕಮ್ಮಿ. ಏನೂ ಸುಡುವುದಿಲ್ಲ. ಎಲ್ಲ ಆಫ್ ಇದ್ದಾಗ ಬಲ್ಬ್ ಆರಿರಬೇಕು. ಮಂದವಾಗಿ ಉರಿದರೂ ಎಲ್ಲೋ ಕರೆಂಟ್ ಕದ್ದು ಹರಿಯುತ್ತಿದೆ ಅಂತ ಅರ್ಥ. ಅದನ್ನು ಹುಡುಕಿದ ಮೇಲೆಯೇ ಬಲ್ಬ್ ತೆಗೆದು ಫ್ಯೂಸ್ ಹಾಕಿ.

ಹಳೇಚಕ್ರ

ಬಲ್ಬ್ ಉರಿಯಲಿಲ್ಲ, ಗಾಡಿ ಓಡಿತು. ಬೋರ್ಡಿನಲ್ಲಿ ಬೀಳುವುದು ಈಗ 0.15 ವೋಲ್ಟ್. ಅರ್ಥ್ ಉಜ್ಜಿದ ಮೇಲೆ ಅಲ್ಲಿ 0.05. ಬಲ್ಬಿನಲ್ಲಿ 11.7, ಎಂಜಿನ್ ಓಡುವಾಗ 13ರ ಹತ್ತಿರ. ಹಿಂದಿನ ಲೈಟಿನ ತಾಳವೂ ನಿಂತಿತು, ತಾಮ್ರತಂತಿ ಅವರು ಹೇಳಿದ್ದೇ ಸರಿ. ಬಿಸಿಯಲ್ಲಿ ಬಹಳ ಹೊತ್ತು ಓಡಿಸಿದೆ, ಪಂಪ್ ನಿಲ್ಲಲಿಲ್ಲ. ಎಲ್ಲರಿಗೂ ಧನ್ಯವಾದ.

ಉಳಿದ ಅರ್ಧ ವೋಲ್ಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ ಹೋಗುತ್ತಿದೆ. ಅದಕ್ಕೆ ಹೆಡ್‌ಲೈಟ್ ಪಕ್ಕ ಬೇರೆ ರಿಲೇ ಹಾಕಲಾ?

ಮೀಟರ್‌ಮೇಷ್ಟ್ರು

ಹಾಕಿ. ಸ್ವಿಚ್ ಬರೀ ಕಾಯಿಲನ್ನು ಎಳೆಯಲಿ, ದೀಪದ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರ ಹೋಗಲಿ. ಹಳೇ ಸ್ವಿಚ್ ಕೂಡ ಬಾಳುತ್ತದೆ.

ಶಾರ್ಟ್‌ಕಟ್_ಶೂರ

ಸರಿ, ಈ ಸಲ ಒಪ್ಪಿದೆ. ಹಾಗೇ ಇಂಡಿಕೇಟರಿಗೆ ಎಲ್‌ಇಡಿ ಬಲ್ಬ್ ಹಾಕಿಬಿಡಿ, ಬೋರ್ಡಿನ ಮೇಲೆ ಭಾರವೇ ಇರುವುದಿಲ್ಲ.

ತಾಮ್ರತಂತಿ

ಶುರುವಾಯಿತು ನೋಡಿ! ಆ ಕಾಲದ ಫ್ಲ್ಯಾಷರ್ ರಿಲೇ ಎರಡು 21 ವ್ಯಾಟ್ ಬಲ್ಬಿನ ಕರೆಂಟ್ ನೋಡಿಕೊಂಡೇ ಮಿಟುಕುವುದು. ಎಲ್‌ಇಡಿ ಹಾಕಿದರೆ ಒಂದೋ ಮಿಟುಕುವುದೇ ಇಲ್ಲ, ಇಲ್ಲ ಬಲ್ಬ್ ಹೋಗಿದೆ ಅಂದುಕೊಂಡು ಪಟಪಟ ಹೊಡೆದುಕೊಳ್ಳುತ್ತದೆ. ಹಾಕಲೇಬೇಕು ಅಂದರೆ ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ತನ್ನಿ. ನಿಮಿಷಕ್ಕೆ 60ರಿಂದ 120ರೊಳಗೆ ಮಿಟುಕಿದರೆ ಸರಿ. ಅದಕ್ಕೆ 31 ಪಿನ್ ಬೇಕಾಗುತ್ತದೆ, ನಿಮ್ಮ ಬೋರ್ಡಿನ ಸಾಕೆಟ್‌ನಲ್ಲಿ ಅದು ಇದೆಯಾ ನೋಡಿ.

ಹಳೇಚಕ್ರ

ಇಲ್ಲ, 49 ಮತ್ತು 49ಎ ಮಾತ್ರ ಇವೆ. ಹಳೇ ಬಲ್ಬೇ ಇರಲಿ.